ಡಬ್ಬದ ಮೇಲಿನ ಸ್ಕೇಲ್ ನಂಬಬೇಡಿ: ರೈಲ್ವೆ ಲೇಔಟ್‌ಗೆ ಡೈಕಾಸ್ಟ್ ವಾಹನ ಆರಿಸುವ ಕ್ರಮ

ಲೇಔಟ್, ಅಂದರೆ ಮಾದರಿ ರೈಲು ಓಡಿಸಲು ಮಾಡುವ ಪುಟ್ಟ ಊರು, ಕಟ್ಟುವವರು ಹಳಿ, ಇಂಜಿನ್, ಸ್ಟೇಷನ್ ಎಲ್ಲಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ. ರಸ್ತೆಯ ಸರದಿ ಬಂದಾಗ ಮಾತ್ರ ಕೈಗೆ ಸಿಕ್ಕ ಡೈಕಾಸ್ಟ್ (ಅಚ್ಚಿಗೆ ಲೋಹ ಎರೆದು ಮಾಡಿದ) ಆಟಿಕೆ ಕಾರು ತಂದು ಇಟ್ಟುಬಿಡುತ್ತಾರೆ. ಆಮೇಲೆ ಫೋಟೊ ತೋರಿಸಿ, "ಏನೋ ಸರಿ ಕಾಣ್ತಿಲ್ಲ, ಏನು ಅಂತ ಹೊಳೀತಿಲ್ಲ" ಅಂತಾರೆ. ಫೋಟೊ ನೋಡಿದರೆ ಉತ್ತರ ಎದುರಿಗೇ ಇರುತ್ತದೆ. ಸ್ಟೇಷನ್ ಹೊರಗೆ ನಿಂತ ಕಾರಿನ ಚಾವಣಿ ಒಳಗೆ ಟಿಕೆಟ್ ಕೊಡುವವನ ತಲೆಗಿಂತ ಎತ್ತರ!

ನಾನೂ ಹೀಗೇ ಶುರು ಮಾಡಿದವನು. ಒಂದೂವರೆ ವರ್ಷ ಸಿಕ್ಕಸಿಕ್ಕಲ್ಲಿ ಕಾರು ಕೊಂಡೆ. ಕೊನೆಗೊಂದು ದಿನ ಕ್ಯಾಲಿಪರ್ (ಸಣ್ಣ ಅಳತೆ ನಿಖರವಾಗಿ ತೋರಿಸುವ ಸಾಧನ) ಹಿಡಿದು ಕೂತಾಗ 31ರಲ್ಲಿ ಲೇಔಟ್‌ಗೆ ಒಪ್ಪುವಂಥವು ಸಿಕ್ಕಿದ್ದು 4. ಮೊದಲು ಕೊಂಡು ಆಮೇಲೆ ಅಳೆದದ್ದೇ ಎಡವಟ್ಟು. ಅದಕ್ಕೇ ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. 3ನೇ ಹಂತ ಮುಗಿಯುವ ತನಕ ಏನನ್ನೂ ಕೊಳ್ಳಬೇಡಿ.

ಬೇಕಾಗುವ ಸಾಮಾನು

ಡಿಜಿಟಲ್ ಕ್ಯಾಲಿಪರ್ ಒಂದು ಇರಲೇಬೇಕು. ಪ್ಲಾಸ್ಟಿಕ್ಕಿನದಾದರೆ ಇನ್ನೂ ಒಳ್ಳೆಯದು, ಬಣ್ಣಕ್ಕೆ ಗೀರು ಬೀಳುವುದಿಲ್ಲ. ಜೊತೆಗೆ ಭೂತಗನ್ನಡಿ, ಚಿಮಟ, ಮೆತ್ತನೆಯ ಬ್ರಷ್, ಸಣ್ಣ ಸ್ಕ್ರೂಡ್ರೈವರ್‌ಗಳು, ದಪ್ಪ ರಟ್ಟು, ನಿಮ್ಮ ಸ್ಕೇಲಿನ ನಿಂತ ಗೊಂಬೆ ಒಂದು. ಬಣ್ಣ ತಗ್ಗಿಸಲು ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಮತ್ತು ಕಂದು-ಕಪ್ಪು ಪುಡಿ ಬಣ್ಣ. ವಾಹನ ಬಿಚ್ಚುವ ಯೋಚನೆ ಇದ್ದರೆ ಕೈ ಡ್ರಿಲ್ ಮತ್ತು ಕಣ್ಣಿಗೆ ರಕ್ಷಣೆಯ ಕನ್ನಡಕ. ಇಷ್ಟು ಸಾಕು. ಮಿಕ್ಕಿದ್ದನ್ನೆಲ್ಲ ಅಂಗಡಿಯವರು ಬೇಕು ಅನ್ನುತ್ತಾರೆ, ಬೇಡ.

ಹಂತ 1: ನಿಮ್ಮ ಸ್ಕೇಲ್ ಯಾವುದೆಂದು ಅಂಕಿಯಲ್ಲಿ ಬರೆಯಿರಿ

"ನಂದು ಎಚ್‌ಓ" ಅಂದರೆ ಸಾಲದು. 1:87 ಅಂತ ಬರೆದಿಡಿ, ಅಂದರೆ ನಿಜದ 87 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಇಲ್ಲೇ ಜಾಸ್ತಿ ಜನ ಜಾರುತ್ತಾರೆ, ಏಕೆಂದರೆ ಹಳಿಯ ಅಗಲವನ್ನೇ ಸ್ಕೇಲ್ ಅಂದುಕೊಂಡಿರುತ್ತಾರೆ. ಎಚ್‌ಓ ಮತ್ತು ಬ್ರಿಟಿಷರ ಓಓ ಎರಡೂ ಓಡುವುದು 16.5 ಮಿ.ಮೀ. ಹಳಿಯ ಮೇಲೆಯೇ. ಆದರೆ ಎಚ್‌ಓ ಅಂದರೆ 1:87, ಓಓ ಅಂದರೆ 1:76. ಒಂದೇ ಹಳಿ, ಎರಡು ಲೋಕ.

ಉಳಿದವು ಹೀಗಿವೆ:

- ಎನ್: ಯುರೋಪ್ ಮತ್ತು ಅಮೆರಿಕದ ಮಾದರಿಗಳಿಗೆ 1:160, ಬ್ರಿಟಿಷ್ ಮಾದರಿಗಳಿಗೆ 1:148, ಜಪಾನಿನವಕ್ಕೆ 1:150. ಮೂರಕ್ಕೂ ಹಳಿ 9 ಮಿ.ಮೀ.
- ಟಿಟಿ: 1:120
- ಎಸ್: 1:64
- ಓ: ಬ್ರಿಟನ್ನಿನಲ್ಲಿ 1:43.5, ಜರ್ಮನಿಯಲ್ಲಿ 1:45, ಅಮೆರಿಕದಲ್ಲಿ 1:48
- ಝಡ್: 1:220

1:76ಕ್ಕೂ 1:87ಕ್ಕೂ ಅಂಥ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಉದ್ದದಲ್ಲಿ ನೋಡಿದರೆ ಏಳರಲ್ಲಿ ಒಂದು ಪಾಲಿನಷ್ಟು ಹೆಚ್ಚು, ಅಷ್ಟೇ. ಆದರೆ ಅಗಲವೂ ಎತ್ತರವೂ ಅದೇ ಲೆಕ್ಕದಲ್ಲಿ ಬೆಳೆಯುತ್ತವಲ್ಲ. ಮೂರನ್ನೂ ಗುಣಿಸಿದರೆ 1:76ರ ಕಾರು 1:87ರ ಅದೇ ಕಾರಿನ ಒಂದೂವರೆ ಪಟ್ಟು ಗಾತ್ರ ಆಗುತ್ತದೆ. ಕಣ್ಣು ಹಿಡಿಯುವುದು ಆ ಗಾತ್ರವನ್ನೇ. 1:64ರ ಕಾರು ಓಓ ಲೇಔಟ್ ಮೇಲೆ ಕೂತರೆ ಸುಮಾರು 1.7 ಪಟ್ಟು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಹಂತ 2: ವರ್ಷ ಮತ್ತು ಜಾಗ ಗಟ್ಟಿ ಮಾಡಿ

"ಹಳೇ ಕಾಲದ ಲೇಔಟ್" ಅನ್ನುವುದು ವರ್ಷವಲ್ಲ. ಒಂದೇ ಒಂದು ವರ್ಷ ಆರಿಸಿ, ಸಾಧ್ಯವಾದರೆ ತಿಂಗಳನ್ನೂ. ಆ ದಿನಾಂಕದ ನಂತರ ಹುಟ್ಟಿದ ಯಾವ ವಾಹನಕ್ಕೂ ಲೇಔಟ್‌ನಲ್ಲಿ ಪ್ರವೇಶವಿಲ್ಲ.

ಬ್ರಿಟನ್ನಿನ ಒಂದು ಪುಟ್ಟ ಸ್ಟೇಷನ್, 1962ರ ಬೇಸಿಗೆ, ಉಗಿ ಇಂಜಿನ್ನು ಅಂದುಕೊಳ್ಳಿ. ಮಾರಿಸ್ ಮೈನರ್ ಮತ್ತು ಲ್ಯಾಂಡ್ ರೋವರ್ 1948ರವು, ನಡೆಯುತ್ತವೆ. ಮಿನಿ 1959ರದು, ಅದೂ ನಡೆಯುತ್ತದೆ. ಫೋರ್ಡ್ ಕಾರ್ಟಿನಾ ಮಾರಾಟಕ್ಕೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಬೇಸಿಗೆಯ ಲೇಔಟ್‌ಗೆ ಬೇಡ. ಫೋರ್ಡ್ ಟ್ರಾನ್ಸಿಟ್ ವ್ಯಾನ್ 1965ರದು. ಅದನ್ನು ಇಟ್ಟಿರಿ ಎಂದರೆ ತಿಳಿದವರು ಮೊದಲು ಅದರ ಮೇಲೇ ಬೆರಳಿಡುತ್ತಾರೆ.

ವಾಹನ ಸರಿ ಇದ್ದರೂ ನಂಬರ್ ಪ್ಲೇಟ್ ಕೈಕೊಡುವುದುಂಟು. ಬ್ರಿಟನ್ನಿನಲ್ಲಿ ನಂಬರಿನ ಕೊನೆಗೆ ವರ್ಷದ ಅಕ್ಷರ ಸೇರಿಸಲು ಶುರುವಾದದ್ದು 1963ರಲ್ಲಿ. ಆ ಅಕ್ಷರ ನಂಬರಿನ ಮುಂದಕ್ಕೆ ಬಂದದ್ದು 1983ರಲ್ಲಿ. ಈಗಿನ ಪದ್ಧತಿ 2001ರದು. ಹೊಳೆಯುವ ಬಿಳಿ-ಹಳದಿ ಪ್ಲೇಟು ಹೊಸ ವಾಹನಗಳಿಗೆ ಕಡ್ಡಾಯವಾದದ್ದು 1973ರಲ್ಲಿ. ಹಾಗಾಗಿ 1962ರ ರಸ್ತೆಯಲ್ಲಿ ಹಳದಿ ಪ್ಲೇಟಿನ ಮಿನಿ ಕಂಡರೆ ಅದು ಕಾಲ ತಪ್ಪಿ ಬಂದ ಮಿನಿ.

ಜರ್ಮನ್ ಲೇಔಟ್ ಆದರೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಗಾಜು ನೋಡಿ. ಎರಡು ಹೋಳಾಗಿದ್ದರೆ 1953ರ ಮಾರ್ಚ್‌ಗಿಂತ ಮುಂಚಿನದು. ಮೊಟ್ಟೆಯಾಕಾರದ ಒಂದೇ ಗಾಜಾದರೆ 1953ರಿಂದ 1957ರ ಒಳಗಿನದು. ಅಗಲವಾದ ಆಯತ ಇದ್ದರೆ ಅದರ ನಂತರದ್ದು. ಭೂತಗನ್ನಡಿ ಇಂಥಾ ಕೆಲಸಕ್ಕೇ.

ವಾಹನ ಯಾವ ಬದಿಯಲ್ಲಿ ಓಡುವ ದೇಶದ್ದು ಎಂಬುದೂ ಮುಖ್ಯ. ಸ್ಟೀರಿಂಗ್ ತಪ್ಪಿದ್ದರೆ ಗಾಜಿನೊಳಗೆ ಯಾರೂ ಅಷ್ಟು ಗಮನಿಸದೇ ಇರಬಹುದು. ಬಸ್ಸಿನಲ್ಲಿ ತಪ್ಪಿದರೆ ಬಾಗಿಲು ರಸ್ತೆಯ ನಡುವಿಗೆ ತೆರೆದುಕೊಳ್ಳುತ್ತದೆ, ಪ್ರಯಾಣಿಕರೆಲ್ಲ ಟ್ರಾಫಿಕ್‌ಗೆ ಇಳಿಯಬೇಕಾಗುತ್ತದೆ.

ಇನ್ನೊಂದು ಮಾತು. 1962ರ ಲೇಔಟ್ ಅಂತ ಎಲ್ಲ ವಾಹನಗಳೂ 1962ರವೇ ಆಗಬಾರದು. ನಿಜವಾದ ರಸ್ತೆಯಲ್ಲಿ ಐದು, ಹತ್ತು ವರ್ಷ ಹಳೆಯ ಗಾಡಿಗಳೇ ಹೆಚ್ಚು. ಹತ್ತರಲ್ಲಿ ಒಂದೋ ಎರಡೋ ಹೊಸತು ಇದ್ದರೆ ಸಾಕು.

ಹಂತ 3: ರಟ್ಟು ಕತ್ತರಿಸಿ, ಜಾಗ ಎಣಿಸಿ

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಹತ್ತು ನಿಮಿಷದ ಕೆಲಸ ಅಷ್ಟೇ, ಆದರೆ ಹಣ ಉಳಿಸುವುದು ಇದೇ.

ನಿಮ್ಮ ಸ್ಕೇಲಿಗೆ ತಕ್ಕಂತೆ ರಟ್ಟಿನ ತುಂಡು ಕತ್ತರಿಸಿ. 1:76ಕ್ಕೆ ಸಾಧಾರಣ ಕಾರು 54 ಮಿ.ಮೀ. ಉದ್ದ, 20 ಮಿ.ಮೀ. ಅಗಲ. ಲಂಡನ್ನಿನ ರೂಟ್‌ಮಾಸ್ಟರ್ ಡಬಲ್ ಡೆಕ್ಕರ್ ಬಸ್ಸು 8.38 ಮೀಟರ್ ಉದ್ದ, 2.44 ಮೀಟರ್ ಅಗಲ. ಅಂದರೆ ನಿಮಗೆ 110 ಮತ್ತು 32 ಮಿ.ಮೀ. ತುಂಡುಗಳನ್ನು ರಸ್ತೆ, ಗೂಡ್ಸ್ ಯಾರ್ಡ್, ಸ್ಟೇಷನ್ ಅಂಗಳದಲ್ಲಿ ಇಟ್ಟು ನೋಡಿ. ಎರಡು ದಿನ ಹಾಗೇ ಬಿಡಿ. ಹೋಗುತ್ತಾ ಬರುತ್ತಾ ಕಣ್ಣಾಡಿಸಿ.

ಎರಡು ವಿಷಯ ಹೊರಬೀಳುತ್ತವೆ. ಮೊದಲನೆಯದು, ನೀವು ಅಂದುಕೊಂಡದ್ದರ ಅರ್ಧದಷ್ಟು ವಾಹನ ಸಾಕು. ಎರಡನೆಯದು, ರಸ್ತೆ ಕಿರಿದಾಗಿದೆ. 3 ಮೀಟರಿನ ಒಂದು ಲೇನ್ 1:76ರಲ್ಲಿ ಸುಮಾರು 40 ಮಿ.ಮೀ., 1:87ರಲ್ಲಿ 34ರಿಂದ 35. ಎರಡು ಲೇನ್ ಇರಬೇಕಾದ ಕಡೆ 60 ಮಿ.ಮೀ. ಬಿಟ್ಟಿದ್ದರೆ ಎದುರುಬದುರು ಬಸ್ಸು ಹೋಗುವುದಿಲ್ಲ. ಬಸ್ಸು ಕೊಂಡ ಮೇಲೆ ಇದು ಗೊತ್ತಾಗುವುದಕ್ಕಿಂತ ರಟ್ಟಿನಲ್ಲೇ ಗೊತ್ತಾಗಲಿ.

ಈಗ ಪಟ್ಟಿ ಬರೆಯಿರಿ. ಪ್ರತಿ ತುಂಡಿನ ಎದುರಿಗೆ ಅದು ಅಲ್ಲಿ ಯಾಕೆ ನಿಂತಿದೆ ಅಂತ ಒಂದು ಸಾಲು. "ಕಲ್ಲಿದ್ದಲು ತುಂಬಿಸಲು ಬಂದ ಲಾರಿ." "ರೈಲಿಗೆ ಕಾಯುತ್ತಿರುವ ಟ್ಯಾಕ್ಸಿ." ಕಾರಣ ಹೊಳೆಯದಿದ್ದರೆ ಆ ತುಂಡನ್ನು ಎತ್ತಿಬಿಡಿ. ಅಗ್ನಿಶಾಮಕ, ಐಸ್‌ಕ್ರೀಂ ವ್ಯಾನು, ಸ್ಪೋರ್ಟ್ಸ್ ಕಾರು ಇವೆಲ್ಲ ಅಂಗಡಿಯಲ್ಲಿ ಕಣ್ಣು ಕುಕ್ಕುತ್ತವೆ. ಅಪರೂಪದ ಗಾಡಿಗಳೇ ತುಂಬಿದರೆ ರಸ್ತೆ ಹೋಗಿ ಮೆರವಣಿಗೆ ಆಗುತ್ತದೆ. ಎಲ್ಲ ಸೇರಿ ಒಂದು ಇರಲಿ. ಸೇತುವೆ ಮೇಲೆ ಬಸ್ಸು ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ನನಗೂ ಇತ್ತು, ನಿಲ್ಲಿಸಿದ್ದೇನೆ. ಆ ವಿಷಯದಲ್ಲಿ ಉಪದೇಶ ಮಾಡುವ ಹಕ್ಕು ನನಗಿಲ್ಲ.

ಹಂತ 4: ಕೊಳ್ಳುವ ಮೊದಲು ಅಳೆಯಿರಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಿಧಾನವಾಗಿ ಓದಿ.

ಆಟಿಕೆ ಕಾರುಗಳ ಡಬ್ಬದ ಮೇಲೆ 1:64 ಅಂತ ಇರುತ್ತದೆ, ಅಥವಾ ಮಾರುವವರು ಹಾಗೆ ಹೇಳುತ್ತಾರೆ. ಮ್ಯಾಚ್‌ಬಾಕ್ಸ್ 1953ರಲ್ಲಿ, ಹಾಟ್ ವೀಲ್ಸ್ 1968ರಲ್ಲಿ ಶುರುವಾದವು. ಈ ಜಾತಿಯ ಮೂರಿಂಚಿನ ಕಾರುಗಳಲ್ಲಿ ಮುಖ್ಯವಾಗಿದ್ದು ಡಬ್ಬದ ಅಳತೆ. ಬಸ್ಸಾಗಲಿ, ಮಿನಿಯಾಗಲಿ, ಟ್ರಾಕ್ಟರ್ ಆಗಲಿ, ಹೆಚ್ಚುಕಡಿಮೆ ಅದೇ ಡಬ್ಬದಲ್ಲಿ ಕೂರಬೇಕು. ಲೆಕ್ಕ ಹಾಕಿ ನೋಡಿ: ರೂಟ್‌ಮಾಸ್ಟರ್ ಬಸ್ಸನ್ನು 70 ಮಿ.ಮೀ.ಗೆ ಇಳಿಸಿದರೆ ಅದು 1:120. ಹಳೆಯ ಮಿನಿಯನ್ನು 60 ಮಿ.ಮೀ.ಗೆ ಮಾಡಿದರೆ ಅದು 1:51. ಎರಡೂ ಒಂದೇ ಸಾಲಿನ ಡಬ್ಬಗಳಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ಇದರಲ್ಲಿ ಒಂದು ಒಳ್ಳೆಯದೂ ಇದೆ. ಸಣ್ಣ ಸ್ಕೇಲಿನವರು ಈ ಆಟಿಕೆಗಳಲ್ಲಿ ಕಾರು ಹುಡುಕಬಾರದು. ಲಾರಿ, ಬಸ್ಸು, ಕ್ರೇನ್ ಹುಡುಕಬೇಕು. ನಿಜಜೀವನದಲ್ಲಿ ದೊಡ್ಡದಾಗಿರುವುದನ್ನು ಪುಟ್ಟ ಡಬ್ಬಕ್ಕೆ ತುಂಬಿಸಿರುವುದರಿಂದ ಕೆಲವು ಎಚ್‌ಓ ಅಥವಾ ಟಿಟಿಗೆ ಹೇಳಿ ಮಾಡಿಸಿದಂತೆ ಒಪ್ಪುತ್ತವೆ.

ಅಳೆಯುವ ರೀತಿ ಹೀಗೆ:

1. ನಿಜವಾದ ವಾಹನದ ವೀಲ್‌ಬೇಸ್ ಹುಡುಕಿ ಬರೆದುಕೊಳ್ಳಿ. ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನ ತನಕ ಇರುವ ದೂರ. ಒಟ್ಟು ಉದ್ದಕ್ಕಿಂತ ಇದೇ ನಂಬಿಕೆಯದು. ಬಂಪರು ಒಂದೊಂದು ದೇಶಕ್ಕೆ ಒಂದೊಂದು ಥರ ಇರುತ್ತದೆ, ವೀಲ್‌ಬೇಸ್ ಹಾಗೆ ಬದಲಾಗುವುದಿಲ್ಲ.

2. ಮಾದರಿಯ ವೀಲ್‌ಬೇಸ್ ಅನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ.

3. ನಿಜದ ಮಿ.ಮೀ. ಅನ್ನು ಮಾದರಿಯ ಮಿ.ಮೀ.ಯಿಂದ ಭಾಗಿಸಿ. ಬಂದದ್ದೇ ಸ್ಕೇಲ್.

4. ಅಗಲಕ್ಕೂ ಹೀಗೇ ಮಾಡಿ. ಎರಡು ಉತ್ತರಗಳೂ ಹತ್ತಿರ ಬರಬೇಕು.

ಬೀಟಲ್ ಉದಾಹರಣೆಗೆ ಅನುಕೂಲ, ಏಕೆಂದರೆ ಎಲ್ಲ ಕಂಪನಿಗಳೂ ಮಾಡಿವೆ. ನಿಜದ ವೀಲ್‌ಬೇಸ್ 2400 ಮಿ.ಮೀ., ಅಗಲ 1540. ವೀಲ್‌ಬೇಸ್ 1:64ರಲ್ಲಿ 37.5 ಮಿ.ಮೀ. ಬರಬೇಕು, 1:76ರಲ್ಲಿ 31.6, 1:87ರಲ್ಲಿ 27.6, 1:160ರಲ್ಲಿ 15. ನನ್ನ ಹತ್ತಿರ ಇರುವ ಒಂದು ಆಟಿಕೆ ಬೀಟಲ್‌ನ ವೀಲ್‌ಬೇಸ್ ಸರಿಯಾಗಿ 37.5. ಭಲೇ ಅಂದುಕೊಂಡು ಅಗಲ ಅಳೆದರೆ 28 ಮಿ.ಮೀ. ಭಾಗಿಸಿದರೆ 1:55! ಉದ್ದಕ್ಕೆ ಒಂದು ಸ್ಕೇಲ್, ಅಗಲಕ್ಕೆ ಇನ್ನೊಂದು. ಮೇಲಿನಿಂದ ನೋಡಿದರೆ ಚೆನ್ನಾಗಿ ತಿಂದು ಮಲಗಿದ ಕಪ್ಪೆಯ ಹಾಗೆ ಕಾಣುತ್ತದೆ. ಇಂಥದನ್ನು ಯಾವ ಸ್ಕೇಲಿನ ಲೇಔಟ್‌ಗೂ ಇಡಲಾಗದು.

ಕ್ಯಾಲಿಪರ್ ಜೊತೆಗಿಲ್ಲದಿದ್ದರೆ ಗೊಂಬೆಯ ಪರೀಕ್ಷೆ ಮಾಡಿ. 1.75 ಮೀಟರಿನ ಮನುಷ್ಯ 1:87ರಲ್ಲಿ 20 ಮಿ.ಮೀ., 1:76ರಲ್ಲಿ 23, 1:160ರಲ್ಲಿ 11. ಗೊಂಬೆಯನ್ನು ಕಾರಿನ ಪಕ್ಕ ನಿಲ್ಲಿಸಿ. ಸಾಧಾರಣ ಕಾರಿನ ಚಾವಣಿ ಗೊಂಬೆಯ ಕತ್ತಿನ ಆಸುಪಾಸಿಗೆ ಬರಬೇಕು. ತಲೆ ಮುಚ್ಚಿಹೋದರೆ ಕಾರನ್ನು ವಾಪಸ್ ಇಟ್ಟುಬಿಡಿ.

ಎಷ್ಟು ತಪ್ಪನ್ನು ಕ್ಷಮಿಸಬಹುದು? ಶೇ. 5–6ರ ತನಕ ನಾನು ಬಿಡುತ್ತೇನೆ. 1:72ರ ಬೀಟಲ್ 56.6 ಮಿ.ಮೀ. ಉದ್ದ, 1:76ರದು 53.7. ಒಂಟಿಯಾಗಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಮಾತ್ರ ಸಿಕ್ಕಿಬೀಳುತ್ತೀರಿ. ಸಣ್ಣ ಕಡೆಗೆ ತಪ್ಪಿದರೆ ಇನ್ನೂ ಅನುಕೂಲ: ಓಓ ಲೇಔಟ್‌ನ ಹಿಂಭಾಗದಲ್ಲಿ 1:87ರ ಕಾರು ಇಟ್ಟರೆ ರಸ್ತೆ ದೂರ ಹೋದಂತೆ ಕಾಣುತ್ತದೆ. ದೊಡ್ಡ ಕಡೆಗೆ ತಪ್ಪಿದ್ದಕ್ಕೆ ಮದ್ದಿಲ್ಲ.

ಹಂತ 5: ಎಲ್ಲಿ ಹುಡುಕುವುದು, ಏನು ಕೇಳುವುದು

1:76ರವರು ಪುಣ್ಯವಂತರು. ಆಕ್ಸ್‌ಫರ್ಡ್ ಡೈಕಾಸ್ಟ್‌ನ ಕಾರು-ಲಾರಿಗಳು, ಇಎಫ್‌ಇ ಮತ್ತು ಕಾರ್ಗಿ ಒಒಸಿಯ ಬಸ್ಸುಗಳು, ಬೇಸ್ ಟಾಯ್ಸ್‌ನ ಲಾರಿಗಳು ಎಲ್ಲವೂ ಅದೇ ಸ್ಕೇಲಿನವು. 1:148ಕ್ಕೂ ಆಕ್ಸ್‌ಫರ್ಡ್ ಮಾಡುತ್ತದೆ. 1:43ರವರಿಗೆ ಕಾರ್ಗಿ ವ್ಯಾನ್‌ಗಾರ್ಡ್ಸ್, ಮಿನಿಚಾಂಪ್ಸ್ ಮೊದಲಾದವು ಇವೆ. ಆದರೆ ನಿಮ್ಮ ಓ ಲೇಔಟ್ 1:48 ಆಗಿದ್ದರೆ 1:43ರ ಕಾರು ದಪ್ಪಗೆ ಕಾಣುತ್ತದೆ, ನೆನಪಿರಲಿ.

1:87ರಲ್ಲಿ ಕಥೆ ಬೇರೆ. ಹೆರ್ಪಾ, ವಿಕಿಂಗ್, ಬ್ರೆಕಿನಾ, ಬುಶ್ ಎಲ್ಲ ಮುಖ್ಯವಾಗಿ ಪ್ಲಾಸ್ಟಿಕ್. ಡೈಕಾಸ್ಟ್ ಬೇಕೇ ಬೇಕು ಎಂದರೆ ಶೂಕೊ ಇದೆ, ಅಮೆರಿಕನ್ ಕಾರುಗಳಿಗೆ ಆಕ್ಸ್‌ಫರ್ಡ್ ಇದೆ. ಸುಮ್ನೆ ಲೋಹದ ಹಟ ಹಿಡಿಯಬೇಡಿ. ಲೇಔಟ್ ಮೇಲೆ ಮೂರಡಿ ದೂರದಿಂದ ನೋಡುವವರಿಗೆ ಲೋಹ ಕಾಣುವುದಿಲ್ಲ, ಅಳತೆ ಕಾಣುತ್ತದೆ. 1:150ರ ಜಪಾನಿ ಲೇಔಟ್‌ಗೆ ಟೊಮಿಟೆಕ್‌ನ ಪ್ಲಾಸ್ಟಿಕ್ ಕಾರುಗಳೇ ಆಸರೆ.

ಟೊಮಿಕಾ, ಮಜೊರೆಟ್‌ನಂಥವು ಆಟಿಕೆಗಳೇ ಆದರೂ ಪ್ರಾಮಾಣಿಕ. ತಳದಲ್ಲಿ ಆಯಾ ಕಾರಿನ ಸ್ಕೇಲ್ ಅನ್ನು ಅಚ್ಚು ಹಾಕಿರುತ್ತವೆ, ಅದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಹಾಗಾಗಿ ಮೊದಲು ಗಾಡಿ ತಿರುಗಿಸಿ ತಳ ಓದಿ.

ದೂರದಿಂದ ತರಿಸುವುದಾದರೆ ಮಾರುವವರಿಂದ ಮೂರು ಫೋಟೊ ಕೇಳಿ: ಪಕ್ಕದಿಂದ, ಚಕ್ರಗಳ ಕೆಳಗೆ ಅಳತೆಪಟ್ಟಿ ಇಟ್ಟು ಒಂದು; ತಳದ್ದು ಒಂದು; ಚಾವಣಿಯ ಮೇಲೆ ಓರೆ ಬೆಳಕು ಬೀಳುವಂತೆ ಒಂದು. ಕೊಡಲು ಹಿಂದೇಟು ಹಾಕಿದರೆ ಕೈಬಿಡಿ. ನನಗೊಮ್ಮೆ "ಓಓಗೆ ಸರಿಹೋಗುತ್ತೆ, ಕಣ್ಣುಮುಚ್ಚಿ ತಗೊಳ್ಳಿ" ಅಂದರು. ಕಣ್ಣು ಮುಚ್ಚಿಯೇ ತಗೊಂಡೆ. ತೆರೆದು ನೋಡಿದಾಗ ಲಾರಿ 1:50ರದು. "ರೈಲ್ವೆಗೆ ಒಪ್ಪುತ್ತದೆ" ಎಂಬ ಮಾತನ್ನು ಸ್ಕೇಲ್ ಅಂತ ತಿಳಿಯಬೇಡಿ.

ಹಂತ 6: ಕೈಗೆ ಬಂದ ಕೂಡಲೇ ಪರೀಕ್ಷೆ

ಡಬ್ಬ ಬಿಸಾಡುವ ಮುಂಚೆ ಇದನ್ನು ಮುಗಿಸಿ. ಮುಖ್ಯವಾಗಿ ಹುಡುಕಬೇಕಾದದ್ದು ಲೋಹದ ರೋಗ, ಜಿಂಕ್ ಪೆಸ್ಟ್.

ಡೈಕಾಸ್ಟ್ ಮಾಡುವುದು ಝಾಮಕ್ ಎಂಬ ಮಿಶ್ರಲೋಹದಿಂದ. ಸತು ಮುಖ್ಯ, ಅದಕ್ಕೆ ಸುಮಾರು ಶೇ. 4 ಅಲ್ಯೂಮಿನಿಯಂ, ಜೊತೆಗೆ ಚೂರು ಮೆಗ್ನೀಸಿಯಂ, ತಾಮ್ರ. ಸತುವಿನಲ್ಲಿ ಸೀಸ, ತವರ, ಕ್ಯಾಡ್ಮಿಯಂ ಒಂದಿಷ್ಟು ಬೆರೆತಿದ್ದರೂ ಕೆಲವು ವರ್ಷಗಳಲ್ಲಿ ಲೋಹ ಒಳಗಿನಿಂದಲೇ ಸಡಿಲವಾಗಿ, ಉಬ್ಬಿ, ಬಿರುಕು ಬಿಡುತ್ತದೆ. ಇದಕ್ಕೆ ಚಿಕಿತ್ಸೆ ಇಲ್ಲ. ಹಳೆಯ ಮಾದರಿಗಳಲ್ಲಿ ಹೆಚ್ಚು, ಆದರೆ ಹೊಸತಕ್ಕೆ ಬರುವುದೇ ಇಲ್ಲ ಅಂತಲ್ಲ. ಎರಕದ ದಿನ ಸತು ಎಷ್ಟು ಶುದ್ಧವಾಗಿತ್ತು ಎಂಬುದರ ಮೇಲೆ ನಿಂತಿದೆ.

ಎಚ್ಚರಿಕೆಯ ಗುರುತುಗಳು ಇವು:

- ಬಣ್ಣದಡಿ ಸಣ್ಣ ಗುಳ್ಳೆಗಳ ಸಾಲು, ಅಥವಾ ಜೇಡರ ಬಲೆಯಂಥ ಕೂದಲೆಳೆ ಬಿರುಕು.
- ತಳವನ್ನು ಗಾಜಿನ ಮೇಲೆ ಇಟ್ಟಾಗ ಒಂದು ಚಕ್ರ ಮೇಲೇಳುವುದು.
- ಬಾಡಿಗೂ ತಳಕ್ಕೂ ನಡುವೆ ಒಂದು ಕಡೆ ಸಂದು, ಇನ್ನೊಂದು ಕಡೆ ಬಿಗಿ.
- ತೆಳ್ಳಗಿನ ಕಿಟಕಿ ಕಂಬಗಳು ಬಾಗಿರುವುದು, ಗಾಜು ತಾನಾಗಿ ಹೊರಗೆ ಬಂದಿರುವುದು.

ಓರೆ ಬೆಳಕಿನಲ್ಲಿ ನೋಡಿ, ನೇರ ಬೆಳಕಿನಲ್ಲಿ ಬಿರುಕು ಕಾಣದು. ಇದು ಪಕ್ಕದ ಕಾರಿಗೆ ಅಂಟುತ್ತದೆ ಎಂದು ಹೆದರಿಸುವವರಿದ್ದಾರೆ. ಅಂಟುವುದಿಲ್ಲ. ಒಂದೇ ಕಾಲಕ್ಕೆ ಒಂದೇ ಎರಕದಿಂದ ಬಂದ ಎರಡು ಕಾರು ಒಟ್ಟಿಗೇ ಬಿರಿದಾಗ ಹಾಗೆ ಅನ್ನಿಸುತ್ತದೆ, ಅಷ್ಟೇ.

ಆಮೇಲೆ ಟೈರು. ಮೆತ್ತನೆಯ ಟೈರಿನಿಂದ ಎಣ್ಣೆಯಂಥ ಅಂಶ ಹೊರಬಂದು, ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಟೈರು ಜಿಗುಟಾಗಿದ್ದರೆ, ಡಬ್ಬದ ತಳದಲ್ಲಿ ನಾಲ್ಕು ಕಲೆ ಬಿದ್ದಿದ್ದರೆ ಆ ಡಬ್ಬದಲ್ಲಿ ಮತ್ತೆ ಇಡಬೇಡಿ. ತೀರಾ ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಉಪ್ಪುಕಾಗದದಿಂದ ಉಜ್ಜಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಹಂತ 7: ಹೊಳಪು ಇಳಿಸಿ

ಅಳತೆ ಸರಿ, ವರ್ಷ ಸರಿ, ಆದರೂ ಆಟಿಕೆಯಂತೆ ಕಾಣುತ್ತಿದೆಯಾ? ಹೊಳಪೇ ಕಾರಣ. ಕಾರನ್ನು ಕುಗ್ಗಿಸಿದರು, ಹೊಳಪನ್ನು ಕುಗ್ಗಿಸಲಿಲ್ಲ.

ಒಂದು 1:76 ಮಾರಿಸ್ ಮೈನರ್ ವ್ಯಾನನ್ನು ನಾನು ಹೇಗೆ ಮಾಡಿದೆ ಅಂತ ಹೇಳುತ್ತೇನೆ. ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ ಬ್ರಷ್‌ನಿಂದ ತೊಳೆದೆ. ಕೈ ಜಿಡ್ಡು ಇದ್ದರೆ ವಾರ್ನಿಶ್ ಹಿಡಿಯುವುದಿಲ್ಲ. ಒಂದು ರಾತ್ರಿ ಒಣಗಲು ಬಿಟ್ಟೆ. ತಳದಲ್ಲಿ ಎರಡು ಸ್ಕ್ರೂ ಇದ್ದವು, ಬಿಚ್ಚಿ ಗಾಜಿನ ತುಂಡನ್ನು ಹೊರಗೆ ತೆಗೆದೆ. ಇದು ಮುಖ್ಯ: ಬಾಡಿ ಮಂಕಾಗಬೇಕು, ಗಾಜು ಹೊಳೆಯುತ್ತಲೇ ಇರಬೇಕು.

ಆಮೇಲೆ ತಳದ ತಟ್ಟೆಯ ಮೇಲೆ ವಾರ್ನಿಶ್ ಪರೀಕ್ಷೆ. ಬಣ್ಣ ಸುಕ್ಕುಗಟ್ಟಲಿಲ್ಲ. ಬಾಡಿಗೆ 25–30 ಸೆಂ.ಮೀ. ದೂರದಿಂದ ಎರಡು ತೆಳು ಪದರ. ಗಾಳಿಯಲ್ಲಿ ತೇವ ಇದ್ದ ದಿನ ಸ್ಪ್ರೇ ಮಾಡಬೇಡಿ, ಬಿಳಿ ಮಂಜು ಕೂತುಬಿಡುತ್ತದೆ. ಒಂದು ಸಲ ಮಳೆ ಸಂಜೆಯಲ್ಲಿ ಮಾಡಿ ಕಪ್ಪು ಟ್ಯಾಕ್ಸಿಯೊಂದನ್ನು ಬೂದಿ ಬಳಿದ ಹಾಗೆ ಮಾಡಿಕೊಂಡಿದ್ದೇನೆ.

ಟೈರಿಗೆ ಕಪ್ಪು ಬೇಡ, ಗಾಢ ಬೂದು ಹಚ್ಚಿ. ಮುಂದಿನ ಜಾಲರಿಗೆ ನೀರಾದ ಕಂದು-ಕಪ್ಪು ಬಣ್ಣ ಬಿಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ಮೇಲ್ಮೈ ಒರೆಸಿದೆ. ಸಂದಿಗಳಲ್ಲಿ ಉಳಿದದ್ದೇ ನೆರಳು. ಚಕ್ರದ ಹಿಂದೆ, ಬಾಗಿಲ ಕೆಳಗೆ ಒಂಚೂರು ಮಣ್ಣಿನ ಪುಡಿ. ಅಲ್ಲಿಗೆ ನಿಲ್ಲಿಸಿ. ಹೊಸಬರು ಇಲ್ಲಿ ಕೈ ತಡೆಯಲಾರದೆ ಗಾಡಿಯನ್ನು ಕೆಸರಲ್ಲಿ ಹೊರಳಾಡಿಸುತ್ತಾರೆ.

ಸ್ಕ್ರೂ ಬದಲು ರಿವೆಟ್ ಇದ್ದರೆ ಅದರ ತಲೆಯ ನಡುವೆ ಗುಳಿ ಮಾಡಿ, 3 ಮಿ.ಮೀ. ಬಿಟ್‌ನಿಂದ ನಿಧಾನವಾಗಿ ಕೊರೆಯಿರಿ. ತಲೆ ಕಳಚಿದ ಕೂಡಲೇ ನಿಲ್ಲಿಸಿ. ಮತ್ತೆ ಜೋಡಿಸಲು ಆ ಕಂಬದಲ್ಲಿ 1.6 ಮಿ.ಮೀ. ರಂಧ್ರ ಕೊರೆದು, ಟ್ಯಾಪ್ ಎಂಬ ಸಾಧನದಿಂದ ಒಳಗೆ ತಿರುಪಿನ ಗೆರೆ ಕೊರೆದು 2 ಮಿ.ಮೀ. ಸ್ಕ್ರೂ ಕೂರಿಸಬಹುದು. ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೂರಬೇಡಿ.

ಸಾಮಾನ್ಯ ತಪ್ಪುಗಳು ಮೂರು. ಗಾಜು ಅಂಟಿಸಲು ಸೂಪರ್ ಗ್ಲೂ ಹಾಕುವುದು: ಅದರ ಆವಿಗೆ ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ, ಬಿಳಿ ಅಂಟು ಬಳಸಿ. ಥಿನ್ನರ್ ಅಥವಾ ಅಸಿಟೋನ್‌ನಿಂದ ಒರೆಸುವುದು: ಪ್ಲಾಸ್ಟಿಕ್ ಕರಗುತ್ತದೆ, ಅಚ್ಚಾದ ಅಕ್ಷರ ಹೋಗುತ್ತದೆ. ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾದಲ್ಲಿ ಅದ್ದಿಡುವುದು: ಸತುವನ್ನೇ ತಿನ್ನುತ್ತದೆ.

ಒಂದೇ ಮಾದರಿಯ ಎರಡು ಕೊಂಡಿದ್ದರೆ ಒಂದರ ನಂಬರ್ ಪ್ಲೇಟ್ ಬದಲಿಸಲು ಮರೆಯಬೇಡಿ. ಬಸ್ಸಾದರೆ ಮಾರ್ಗದ ಬೋರ್ಡನ್ನೂ ಬದಲಿಸಿ. ಒಂದೇ ನಂಬರಿನ ಎರಡು ವ್ಯಾನು ಒಂದೇ ಬೀದಿಯಲ್ಲಿ ನಿಂತರೆ ಪೊಲೀಸರ ಕಾರನ್ನೂ ಇಡಬೇಕಾಗುತ್ತದೆ, ಅಲ್ವಾ?

ಹಂತ 8: ಲೇಔಟ್ ಮೇಲೆ ಕೂರಿಸುವುದು

ಮೊದಲು ನಿಮ್ಮ ಅತಿ ಉದ್ದದ ಬೋಗಿಯನ್ನು ಕೈಯಿಂದ ತಳ್ಳುತ್ತಾ ತಿರುವು ದಾಟಿಸಿ. ತಿರುವಿನ ಹೊರಬದಿಯಲ್ಲಿ ಬೋಗಿಯ ತುದಿ ಹೊರಚಾಚುತ್ತದೆ, ಒಳಬದಿಯಲ್ಲಿ ಹೊಟ್ಟೆ ಒಳಗೆ ಬರುತ್ತದೆ. ಎರಡೂ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯೊಳಗೆ ಯಾವ ವಾಹನವೂ ಬರಬಾರದು. ಪ್ಲಾಸ್ಟಿಕ್ ಕಾರಿಗೆ ಬೋಗಿ ತಾಗಿದರೆ ಕಾರು ಹಾರುತ್ತದೆ, ಡೈಕಾಸ್ಟ್‌ಗೆ ತಾಗಿದರೆ ರೈಲೇ ಹಳಿ ತಪ್ಪುತ್ತದೆ.

ರೈಲ್ವೆ ಗೇಟಿನ ಬಳಿ ಇನ್ನೂ ಹುಷಾರು. ಇವು ಲೋಹದ ಗಾಡಿಗಳು. ಹಳಿಯ ಮೇಲೆ ಅಡ್ಡ ಬಿದ್ದು, ಬಣ್ಣ ಸವೆದ ತಳ ಎರಡೂ ಹಳಿಗೆ ತಾಗಿದರೆ ಶಾರ್ಟ್ ಆಗುತ್ತದೆ. ರೈಲು ಯಾಕೋ ಮತ್ತೆ ಮತ್ತೆ ನಿಲ್ಲುತ್ತಿದೆ ಅಂತ ವೈರೆಲ್ಲ ಬಿಚ್ಚುವ ಮೊದಲು ಗೇಟಿನ ಕಡೆ ಒಮ್ಮೆ ನೋಡಿ. ಗೇಟಿನ ಎದುರು ಸಾಲು ನಿಲ್ಲಿಸುವಾಗ ವಾಹನಗಳ ನಡುವೆ 1:76ಕ್ಕೆ 20ರಿಂದ 26 ಮಿ.ಮೀ. ಬಿಡಿ. ನಡುರಸ್ತೆಯಲ್ಲಿರುವ ಗಾಡಿಗೆ ಚಾಲಕ ಬೇಕು. ಗೊಂಬೆಯ ಸೊಂಟದ ಕೆಳಗೆ ಕತ್ತರಿಸಿ ಕೂರಿಸಿ. ಪಾರ್ಕ್ ಮಾಡಿ ಬಿಟ್ಟ ಗಾಡಿಗೆ ಬೇಡ.

ಚಪ್ಪಟೆ ವ್ಯಾಗನ್ ಮೇಲೆ ಕಾರು ಸಾಗಿಸುವ ಆಸೆ ಇದ್ದರೆ ಅಲ್ಲಿಗೆ ಪ್ಲಾಸ್ಟಿಕ್ಕೇ ಸರಿ. ಡೈಕಾಸ್ಟ್ ಇಟ್ಟರೆ ಭಾರ ಮೇಲಕ್ಕೆ ಸೇರಿ ವ್ಯಾಗನ್ ತಿರುವಿನಲ್ಲಿ ಮಗುಚುತ್ತದೆ.

ಕೂರಿಸಲು ಟೈರಿನ ಕೆಳಗೆ ಬಿಳಿ ಅಂಟು ಸೂಜಿಮೊನೆಯಷ್ಟು ಸಾಕು, ಬೇಕಾದಾಗ ಎತ್ತಬಹುದು. ಆಯಸ್ಕಾಂತ ಹಾಕುತ್ತೇನೆ ಅನ್ನುವವರಿಗೆ ಒಂದು ಸುದ್ದಿ: ಝಾಮಕ್ ಆಯಸ್ಕಾಂತಕ್ಕೆ ಅಂಟುವುದಿಲ್ಲ. ತಳಕ್ಕೆ ಸಣ್ಣ ಉಕ್ಕಿನ ವಾಷರ್ ಅಂಟಿಸಬೇಕು. ಲೇಔಟ್ ಹೊತ್ತುಕೊಂಡು ಓಡಾಡುವವರು ಸಾಗಿಸುವ ಮೊದಲು ಎಲ್ಲ ವಾಹನ ಎತ್ತಿಬಿಡಿ. ಒಂದು ಡೈಕಾಸ್ಟ್ ಲಾರಿ ಉರುಳಿದರೆ ಸಿಗ್ನಲ್ ಕಂಬ, ಬೇಲಿ, ಗೊಂಬೆ ಎಲ್ಲವನ್ನೂ ಒಂದೇ ಏಟಿಗೆ ನೆಲಕಚ್ಚಿಸುತ್ತದೆ.

ಹಂತ 9: ಉಳಿದವನ್ನು ಇಡುವುದು, ಲೆಕ್ಕ ಬರೆಯುವುದು

ಬಿಸಿಲು ಬೀಳದ, ತೇವ ಇಲ್ಲದ ಕಡೆ ಇಡಿ. ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಸ್ಪಂಜಿನಲ್ಲಿ ನೇರವಾಗಿ ಸುತ್ತಬೇಡಿ, ವರ್ಷಗಳಾದಂತೆ ಅದು ಪುಡಿಯಾಗಿ ಬಣ್ಣಕ್ಕೆ ಅಂಟುತ್ತದೆ. ಆಮ್ಲವಿಲ್ಲದ ತೆಳು ಕಾಗದ ಸಾಕು. ನುಸಿಗುಳಿಗೆಯಂತೂ ಹಾಕಲೇಬೇಡಿ, ಅದರ ಆವಿ ಪ್ಲಾಸ್ಟಿಕ್ ಗಾಜನ್ನು ಹಾಳು ಮಾಡುತ್ತದೆ. ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇದೆಯಲ್ಲ.

ಒಂದು ಪುಟ್ಟ ನೋಟ್‌ಬುಕ್ ಇರಲಿ. ವಾಹನದ ಹೆಸರು, ವರ್ಷ, ಅಳೆದ ವೀಲ್‌ಬೇಸ್, ಲೆಕ್ಕಕ್ಕೆ ಬಂದ ಸ್ಕೇಲ್, ಲೇಔಟ್‌ನಲ್ಲಿ ಅದರ ಜಾಗ. ಆರು ತಿಂಗಳಿಗೊಮ್ಮೆ ಓರೆ ಬೆಳಕಿನಲ್ಲಿ ಎಲ್ಲವನ್ನೂ ತಿರುಗಿಸಿ ನೋಡಿ, ಬಿರುಕು ಕಂಡರೆ ದಿನಾಂಕ ಬರೆಯಿರಿ.

ಇನ್ನು ಜೇಬಿಗೊಂದು ಚೀಟಿ. ಅಂಗಡಿಯ ಮುಂದೆ ನಿಂತಾಗ ನೋಟ್‌ಬುಕ್ ಮನೆಯಲ್ಲಿರುತ್ತದೆ, ಆಸೆ ಮಾತ್ರ ಜೊತೆಗೆ ಬಂದಿರುತ್ತದೆ. ನನ್ನ ಚೀಟಿಯಲ್ಲಿರುವುದು ನಾಲ್ಕೇ ಸಾಲು: ಬೀಟಲ್ 31.6, ಮಿನಿ 26.8 (ಇವೆರಡೂ ವೀಲ್‌ಬೇಸ್), ಬಸ್ಸಿನ ಉದ್ದ 110 ಮತ್ತು ಅಗಲ 32, ಗೊಂಬೆ 23. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 1962. ಆ ಗೊಂಬೆಯನ್ನೂ ಒಂದು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿ ಜೊತೆಗೇ ಒಯ್ಯುತ್ತೇನೆ.